ಎಡಗೆನ್ನೆಯ ವಿವೇಚನೆ

ಗೋಡೆಗೆ ಹೊಸದಾಗಿ ಕಿಟಕಿ ಇಡಬೇಕೆಂದರೆ ಕಿಟಕಿ ಮತ್ತು ಬಾಗಿಲು ಅನುಮತಿ ಇಲಾಖೆಯ ಲಿಖಿತ ಒಪ್ಪಿಗೆ ಕಡ್ಡಾಯ. ಒಪ್ಪಿಗೆಯಿಲ್ಲದೆ ಇಟ್ಟ ಕಿಟಕಿಯನ್ನು ಕಾನೂನು ಕಿಟಕಿಯೆಂದು ಪರಿಗಣಿಸುವುದಿಲ್ಲ. ಅದರೊಳಗಿಂದ ಬಂದ ಗಾಳಿಯನ್ನು ಅಕ್ರಮ ಗಾಳಿಯೆಂದೇ ಕರೆಯುತ್ತದೆ. ಇದರಲ್ಲಿ ಹುಬ್ಬೇರಿಸುವಂಥದ್ದು ಏನೂ ಇಲ್ಲ. ಗೋಡೆ ನಿಮ್ಮದೇ ಇರಬಹುದು, ಆಚೆಗಿರುವ ಗಾಳಿ ನಿಮ್ಮಪ್ಪನದಲ್ಲವಲ್ಲ.

ಈ ಇಲಾಖೆಯ ಎರಡನೇ ಮಹಡಿಯ ಮೂರನೇ ಮೇಜಿನಲ್ಲಿ ಇಪ್ಪತ್ತೊಂದು ವರ್ಷದಿಂದ ಒಬ್ಬ ಗುಮಾಸ್ತರು ಕೂತಿದ್ದರು. ಅವರನ್ನು ಎಲ್ಲರೂ ಮೂರನೇ ಮೇಜು ಎಂದೇ ಕರೆಯುತ್ತಿದ್ದರು. ‘ಮೂರನೇ ಮೇಜು ಊಟಕ್ಕೆ ಹೋಗಿದೆ’, ‘ಮೂರನೇ ಮೇಜಿಗೆ ನೆಗಡಿ’ ಎಂದು ಹೇಳಿದರೆ ಯಾರೂ ಮೇಜಿನ ಕಡೆ ನೋಡುತ್ತಿರಲಿಲ್ಲ. ಅವರು ಲಂಚ ಮುಟ್ಟಿದವರಲ್ಲ, ಸರದಿ ತಪ್ಪಿಸಿ ಒಂದು ಕಡತವನ್ನೂ ಮೇಲೆ ತಂದವರಲ್ಲ. ಇದನ್ನು ಗುಣವೆಂದು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ಪಕ್ಕದಲ್ಲಿ ಇಂಥವರೊಬ್ಬರು ಕೂತರೆ ಉಸಿರು ಕಟ್ಟಿದಂತಾಗುತ್ತದೆ ಎಂಬುದು ಉಳಿದ ಎಂಟು ಮೇಜುಗಳ ದೂರು.

ನಿಜವಾಗಿ ಉಸಿರು ಕಟ್ಟುತ್ತಿದ್ದದ್ದು ಅವರ ಅಕ್ಕನಿಗೆ. ತಾಯಿ ತೀರಿಕೊಂಡಾಗ ಎರಡು ವರ್ಷದ ಮಗುವಾಗಿದ್ದ ಇವರನ್ನು ಸೊಂಟದ ಮೇಲೆ ಹೊತ್ತು ಸಾಕಿದವಳು ಅವಳೇ. ಈಗ ಅರವತ್ತು ದಾಟಿದ್ದಾಳೆ, ಹಳೇ ಕಟ್ಟಡವೊಂದರ ಹಿಂಭಾಗದ ಒಂದೇ ಕೋಣೆಯಲ್ಲಿ ಹೊಲಿಗೆ ಮಾಡಿಕೊಂಡು ಇದ್ದಾಳೆ. ಕೋಣೆಗೆ ಒಂದು ಬಾಗಿಲು, ಅದೂ ಓಣಿಗತ್ತಲೆಗೆ ತೆರೆಯುವಂಥದ್ದು. ಕಿಟಕಿ ಎನ್ನುವುದು ಇಲ್ಲವೇ ಇಲ್ಲ. ಮಟಮಟ ಮಧ್ಯಾಹ್ನವೂ ದೀಪ ಹಾಕಿಕೊಂಡೇ ಸೂಜಿಗೆ ದಾರ ಪೋಣಿಸಬೇಕು. ಎರಡು ವರ್ಷದಿಂದ ಎದೆಯಲ್ಲಿ ಸಿಳ್ಳೆ ಶುರುವಾಗಿತ್ತು. ವೈದ್ಯರು ಎದೆ ಬಡಿದು ನೋಡಿ, ಕೋಣೆಯ ವಿವರ ಕೇಳಿ, ಚೀಟಿಯಲ್ಲಿ ‘ಕಿಟಕಿ, ದಿನಕ್ಕೆ ಮೂರು ಹೊತ್ತು’ ಎಂದು ಬರೆದುಕೊಟ್ಟರು. ಅಕ್ಕ ಚೀಟಿ ಹಿಡಿದು ಔಷಧದಂಗಡಿಗೆ ಹೋದರೆ ಅಂಗಡಿಯವನು ಕಪಾಟನ್ನೆಲ್ಲ ಹುಡುಕಿ, ‘ಸ್ಟಾಕ್ ಇಲ್ಲಮ್ಮ, ಮುಂದಿನ ವಾರ ವಿಚಾರಿಸಿ’ ಎಂದ.

ಹೀಗಾಗಿ ಅಕ್ಕ ಎರಡಡಿ ಅಗಲ, ಮೂರಡಿ ಎತ್ತರದ ಕಿಟಕಿಗೆ ಅರ್ಜಿ ಹಾಕಿದಳು. ಅರ್ಜಿ ತಮ್ಮನ ಮೇಜಿಗೇ ಬಂತು. ಅಕ್ಕನ ಕಡತ ತಾನು ನೋಡಬಹುದೇ ಎಂದು ಮೂರನೇ ಮೇಜು ಮೇಲಧಿಕಾರಿಗಳನ್ನು ಲಿಖಿತವಾಗಿ ಕೇಳಿತು. ಕಿಟಕಿಗೆ ರಕ್ತಸಂಬಂಧ ಅನ್ವಯಿಸುವುದಿಲ್ಲ ಎಂಬ ಉತ್ತರ ಬಂತು. ಅವಳಿಗಿಂತ ಮುಂದೆ ನಾನೂರ ಹನ್ನೆರಡು ಅರ್ಜಿಗಳಿದ್ದವು.

‘ನಿನ್ನ ಕೈಲೇ ಇದೆಯಲ್ಲೋ ಪುಟ್ಟ, ಒಂದು ಸ್ವಲ್ಪ ಮೇಲಕ್ಕೆ ಎತ್ತಿಡೋಕಾಗಲ್ವಾ?’ ಎಂದು ಅಕ್ಕ ಕೇಳಿದಳು. ಪುಟ್ಟನಿಗೆ ಆಗ ನಲವತ್ತೆಂಟು ವರ್ಷ.

‘ಸರದಿ ಅಂದ್ರೆ ಸರದಿ ಅಕ್ಕ. ಮುಂದಿರೋರಿಗೂ ಮೂಗಿದೆ.’

‘ಸರಿ ಬಿಡು. ನಿನ್ನನ್ನ ಹಾಗೆ ಬೆಳೆಸಿದ್ದು ನಾನೇ, ಅನುಭವಿಸ್ತೀನಿ’ ಎಂದು ಅಕ್ಕ ಕೆಮ್ಮುತ್ತ ನಕ್ಕಳು.

ಇದೇ ಹೊತ್ತಿಗೆ ಇಲಾಖೆಗೆ ತಂತ್ರಾಂಶ ಬಂತು. ಊರಿಗೆಲ್ಲ ಬಂದದ್ದು ನಮಗೂ ಬರಲೇಬೇಕೆಂದು ನಿರ್ದೇಶಕರು ಹಟ ಹಿಡಿದಿದ್ದರು. ಹೊಸ ಯಂತ್ರ ತಾನೇ ಯೋಚಿಸುತ್ತದೆ, ಆದರೆ ಮೊದಲು ಯೋಚಿಸುವುದು ಹೇಗೆಂದು ಅದಕ್ಕೆ ಒಬ್ಬ ಮನುಷ್ಯನನ್ನು ತೋರಿಸಬೇಕು ಎಂದು ತಂತ್ರಾಂಶ ಕಂಪನಿಯ ಮುಖ್ಯಸ್ಥೆ ವಿವರಿಸಿದರು. ಇಲಾಖೆಯಲ್ಲಿ ಹಾಗೆ ತೋರಿಸಬಹುದಾದ ಮನುಷ್ಯ ಯಾರು ಎಂಬ ಪ್ರಶ್ನೆ ಎದ್ದಿತು. ಒಂದನೇ ಮೇಜು ರಜೆಯಲ್ಲಿತ್ತು, ಎರಡನೆಯದು ನಿದ್ದೆಯಲ್ಲಿತ್ತು, ಏಳನೇ ಮೇಜಿನವರನ್ನು ಕಂಡವರೇ ಇರಲಿಲ್ಲ. ಮೂರನೇ ಮೇಜಿಗೆ ‘ಮಾದರಿ ವ್ಯಕ್ತಿ’ ಎಂಬ ಬಿರುದು ಕೊಟ್ಟು, ಸುತ್ತ ಮೂರು ಕ್ಯಾಮೆರಾ ನಿಲ್ಲಿಸಲಾಯಿತು. ಹನ್ನೊಂದು ದಿನದ ಅಧ್ಯಯನ. ಮಾದರಿ ವ್ಯಕ್ತಿಯು ಅಧ್ಯಯನಕಾರರೊಡನೆ ಮಾತನಾಡಿದರೆ ಯೋಚನೆ ಕಲುಷಿತವಾಗುವುದರಿಂದ ತುಟಿ ಬಿಚ್ಚಬಾರದೆಂದು ಆದೇಶವಾಯಿತು.

ಮೊದಲನೇ ದಿನವೇ ಮಾದರಿ ವ್ಯಕ್ತಿಗೆ ಎಡಗಡೆಯ ದವಡೆಹಲ್ಲು ನೋಯತೊಡಗಿತು. ನೋವೆಂದರೆ ಅಂತಿಂಥ ನೋವಲ್ಲ. ಕಿವಿಯಿಂದ ಕುತ್ತಿಗೆಯವರೆಗೆ ಯಾರೋ ದಬ್ಬಳ ಹಾಕಿ ಹೊಲಿದ ಹಾಗೆ. ಅವರು ನಿರ್ದೇಶಕರ ಕೋಣೆಗೆ ಹೋಗಿ ರಜೆ ಕೇಳಿದರು.

‘ಮಾದರಿಗೆ ರಜೆ ಕೊಟ್ಟರೆ ಯಂತ್ರ ರಜೆ ಹಾಕೋದನ್ನ ಕಲಿಯುತ್ತೆ’ ಎಂದರು ನಿರ್ದೇಶಕರು. ‘ಹನ್ನೊಂದು ದಿನ ತಾನೇ, ಹಲ್ಲು ಕಚ್ಚಿಕೊಂಡು ತಳ್ಳಿಬಿಡಿ.’

‘ಕಚ್ಚೋಕೆ ಆಗ್ತಿಲ್ಲ ಸಾರ್, ಅದೇ ತೊಂದರೆ.’

‘ಹಾಗಾದ್ರೆ ಕಚ್ಚದೆ ತಳ್ಳಿ.’

ತಳ್ಳಿದರು. ಮೂರನೇ ಮೇಜು ಪ್ರತಿಯೊಂದು ಕಡತವನ್ನೂ ಎಂದಿನಂತೆ ಮೊದಲಿನಿಂದ ಕೊನೆಯವರೆಗೆ ಓದಿತು. ಓದಿ ಮುಗಿಯುವಷ್ಟರಲ್ಲಿ ನೋವು ನೆತ್ತಿಗೇರುತ್ತಿತ್ತು. ಎಡಗೈ ತಾನಾಗಿ ಎಡಗೆನ್ನೆಗೆ ಹೋಗುತ್ತಿತ್ತು, ಕಣ್ಣು ಮುಚ್ಚುತ್ತಿತ್ತು, ಸ್ವಲ್ಪ ಹೊತ್ತಾದ ಮೇಲೆ ‘ಅಯ್ಯೋ ಅಮ್ಮಾ’ ಎಂಬ ಮಾತು ಹೊರಬೀಳುತ್ತಿತ್ತು. ಆಮೇಲೆ ಸಹಿ. ಹನ್ನೊಂದನೇ ದಿನ ಸಂಜೆ ಐದಕ್ಕೆ ಸರಿಯಾಗಿ ನಾನೂರ ಹನ್ನೆರಡನೇ ಕಡತ ಮುಗಿಯಿತು. ಮುಂದಿನದು ಅಕ್ಕನದು. ಇನ್ನೊಂದು ಸಹಿ ಹಾಕಿಯೇ ಏಳೋಣವೆಂದು ಅವರಿಗೆ ಅನ್ನಿಸದೆ ಇರಲಿಲ್ಲ. ಆದರೆ ಕಚೇರಿಯ ಸಮಯ ಮುಗಿದಿತ್ತು, ಸ್ವಂತದವರಿಗಾಗಿ ಐದು ನಿಮಿಷ ಹೆಚ್ಚು ಕೂತವರೆನಿಸಿಕೊಳ್ಳುವುದು ಬೇಡವೆಂದು ಎದ್ದರು. ನೆಟ್ಟಗೆ ದಂತವೈದ್ಯೆಯ ಬಳಿ ಹೋಗಿ ಹಲ್ಲು ಕೀಳಿಸಿಕೊಂಡರು. ನಾಳೆ ನೆಮ್ಮದಿಯಾಗಿ ಅಕ್ಕನ ಕಡತ ಬಿಚ್ಚುತ್ತೇನೆ ಎಂದುಕೊಂಡು ಆ ದಿನ ಮಗುವಿನ ಹಾಗೆ ಮಲಗಿದರು. ಪ್ರಾಮಾಣಿಕರಿಗೆ ಬುದ್ಧಿ ಸ್ವಲ್ಪ ಕಡಿಮೆ ಎಂದು ಜನ ಸುಮ್ಮನೆ ಹೇಳುವುದಿಲ್ಲ.

ಮರುದಿನದಿಂದ ಕೈಯಲ್ಲಿ ಸಹಿ ಹಾಕುವುದು ನಿಂತಿತು. ಮೂರು ವಾರದ ನಂತರ ಅಧ್ಯಯನ ವರದಿ ಹೊರಬಂತು, ನೂರ ಎಂಬತ್ತು ಪುಟ. ಅದರ ತಿರುಳು ಹೀಗಿತ್ತು: ‘ಮಾದರಿ ವ್ಯಕ್ತಿಯು ಕಡತವನ್ನು ಓದಿ, ಎಡಗೈಯನ್ನು ಎಡಗೆನ್ನೆಯ ಮೇಲಿಟ್ಟು, ಕಣ್ಣು ಮುಚ್ಚಿ, ಸರಾಸರಿ ಒಂಬತ್ತು ಸೆಕೆಂಡು ಇದ್ದು, ಅಯ್ಯೋ ಅಮ್ಮಾ ಎಂದು ಉಚ್ಚರಿಸಿ, ತದನಂತರ ಒಪ್ಪಿಗೆ ನೀಡುತ್ತಾರೆ. ಓದುವ ಕೆಲಸವನ್ನು ಯಂತ್ರ ಮಾಡಬಲ್ಲದು. ಒಪ್ಪಿಗೆಯನ್ನೂ ಯಂತ್ರ ಕೊಡಬಲ್ಲದು. ನಡುವಿನ ಒಂಬತ್ತು ಸೆಕೆಂಡು ಮಾತ್ರ ಅಪ್ಪಟ ಮಾನವ ವಿವೇಚನೆಯಾಗಿದ್ದು, ಅದನ್ನು ಮನುಷ್ಯರಿಗೇ ಉಳಿಸತಕ್ಕದ್ದು.’

ಮನುಷ್ಯರಿಗೆ ಏನಾದರೂ ಉಳಿಯಿತಲ್ಲ ಎಂದು ನೌಕರರ ಸಂಘ ಸಿಹಿ ಹಂಚಿತು. ಪ್ರತಿ ಮೇಜಿಗೂ ಒಂದು ಪರದೆ, ಒಂದು ಕ್ಯಾಮೆರಾ ಬಂತು. ಕಡತ ಪರದೆಯ ಮೇಲೆ ಮೂಡುತ್ತದೆ. ಅದನ್ನು ಓದುವ ಅಗತ್ಯವಿಲ್ಲ, ಯಂತ್ರ ಓದಿರುತ್ತದೆ. ನೌಕರರು ಕ್ಯಾಮೆರಾ ಮುಂದೆ ವಿವೇಚಿಸಬೇಕು, ಅಷ್ಟೆ. ಜೊತೆಗೆ ಸುತ್ತೋಲೆ ಹೊರಟಿತು:

‘ಕೆನ್ನೆ ಎಂದರೆ ಎಡಗೆನ್ನೆ ಎಂದು ಅರ್ಥೈಸತಕ್ಕದ್ದು. ಕೈಬೆರಳುಗಳು ಕಿವಿಯನ್ನು ಮುಟ್ಟುವಂತಿರಬೇಕು, ಆದರೆ ಮುಚ್ಚುವಂತಿರಬಾರದು. ಎಂಟು ಸೆಕೆಂಡಿಗಿಂತ ಕಡಿಮೆ ವಿವೇಚಿಸಿದರೆ ಅದು ಆತುರ, ಹತ್ತಕ್ಕಿಂತ ಹೆಚ್ಚಾದರೆ ಅನುಮಾನ. ತಾಯಿ ಇಲ್ಲದ ನೌಕರರು ಅಮ್ಮಾ ಎನ್ನುವ ಬದಲು ಅಪ್ಪಾ ಎನ್ನಬಹುದೇ ಎಂಬ ಬಗ್ಗೆ ಕಾನೂನು ಸಲಹೆ ಕೋರಲಾಗಿದ್ದು, ಅಲ್ಲಿಯವರೆಗೆ ಇತರರ ತಾಯಿಯನ್ನು ಕರೆಯತಕ್ಕದ್ದು.’

ಇಲಾಖೆ ಹೀಗೆ ಮುಂದುವರಿದಾಗ ಉಳಿದವರು ಸುಮ್ಮನಿರುತ್ತಾರೆಯೇ? ನೀರಿನ ಇಲಾಖೆ ತಂತ್ರಾಂಶ ಕೊಂಡಿತು, ಬ್ಯಾಂಕು ಕೊಂಡಿತು, ನ್ಯಾಯಾಲಯ ಕೊಂಡಿತು. ತೀರ್ಪು ಓದುವ ಮುನ್ನ ನ್ಯಾಯಾಧೀಶರು ಕೆನ್ನೆ ಹಿಡಿದು ಅಯ್ಯೋ ಅಮ್ಮಾ ಎಂದಾಗ ಆರೋಪಿಯೂ ಅದನ್ನೇ ಹೇಳುತ್ತಿದ್ದ. ಶಾಲೆಯ ಮೇಷ್ಟ್ರುಗಳು ಮಕ್ಕಳ ಅಂಕಪಟ್ಟಿಯಲ್ಲಿ ‘ಕೈ ಕೆನ್ನೆಯ ಮೇಲಿರುವುದಿಲ್ಲ, ಯೋಚನಾಶಕ್ತಿ ಸಾಲದು’ ಎಂದು ಬರೆಯತೊಡಗಿದರು. ದೂರದರ್ಶನದ ಚರ್ಚೆಗಳಲ್ಲಿ ಆರು ಜನ ತಜ್ಞರು ಆರು ಕೆನ್ನೆ ಹಿಡಿದು ಕೂತರೆ ನೋಡುವವರಿಗೆ ದೇಶ ಸುರಕ್ಷಿತವಾಗಿದೆ ಎನ್ನಿಸುತ್ತಿತ್ತು.

ಎಲ್ಲರಿಗೂ ಸುಲಭವಾಗಿ ಒಲಿದ ವಿದ್ಯೆ ಒಬ್ಬರಿಗೆ ಮಾತ್ರ ಒಲಿಯಲಿಲ್ಲ. ಮೊದಲ ದಿನ ಮೂರನೇ ಮೇಜಿನ ಪರದೆಯ ಮೇಲೆ ಮೊಟ್ಟಮೊದಲು ಮೂಡಿದ್ದು ಅಕ್ಕನ ಕಡತ. ಅವರು ಕೆನ್ನೆ ಹಿಡಿದರು, ಕಣ್ಣು ಮುಚ್ಚಿದರು, ಅಯ್ಯೋ ಅಮ್ಮಾ ಎಂದರು. ಪರದೆ ಹೇಳಿತು: ‘ಹೋಲಿಕೆ ಶೇಕಡ ಹದಿನೆಂಟು. ತಾವು ತಾವಲ್ಲ. ದಯವಿಟ್ಟು ವಿವೇಚಿಸಿ.’ ಇನ್ನೊಮ್ಮೆ ಮಾಡಿದರು. ಶೇಕಡ ಹದಿನಾರು. ಎರಡನೇ ಮೇಜು ನಿದ್ದೆಗಣ್ಣಿನಲ್ಲಿ ಕೆನ್ನೆಗೆ ಕೈ ಕೊಟ್ಟು ಆಕಳಿಸಿದರೂ ಎಪ್ಪತ್ತು ಬರುತ್ತಿತ್ತು.

ಎರಡು ತಿಂಗಳು ತಿಣುಕಿದ ಮೇಲೆ ಅವರು ನಿರ್ದೇಶಕರ ಬಳಿಗೆ ಓಡಿದರು. ಕಂಪನಿಯ ಮುಖ್ಯಸ್ಥೆಯೂ ಅಲ್ಲೇ ಇದ್ದರು.

‘ಬೇರೆಯವರದ್ದು ಅನುಕರಣೆ, ಅದಕ್ಕೆ ರಿಯಾಯಿತಿ ಇದೆ’ ಎಂದು ಆಕೆ ವಿವರಿಸಿದರು. ‘ನೀವು ಮೂಲ. ಮೂಲಕ್ಕೆ ರಿಯಾಯಿತಿ ಕೊಡೋಕೆ ಬರಲ್ಲ. ನೀವು ನಿಮ್ಮ ಹಾಗೇ ಇರಬೇಕು.’

‘ಮೇಡಂ, ಅದು ಯೋಚನೆ ಅಲ್ಲ. ಹಲ್ಲುನೋವು.’

ನಿರ್ದೇಶಕರು ಎದ್ದು ಬಾಗಿಲು ಹಾಕಿದರು.

‘ಅದು ನಿಮ್ಮ ಅಭಿಪ್ರಾಯ’ ಎಂದರು ಮುಖ್ಯಸ್ಥೆ, ಬೇಸರವಿಲ್ಲದೆ.

‘ಅಭಿಪ್ರಾಯ ಅಲ್ಲ, ನನ್ನ ಹಲ್ಲು ಅದು! ಕೀಳಿಸಿದ್ದೀನಿ, ನೋಡಿ ಬೇಕಾದ್ರೆ!’ ಎಂದು ಅವರು ಬಾಯಿ ತೆರೆದರು.

ಆಕೆ ಸೌಜನ್ಯಕ್ಕೆ ಇಣುಕಿ ನೋಡಿದರು. ‘ನೀವು ಹೇಳಿದ್ದು ನಿಜ ಅಂತಲೇ ಇಟ್ಟುಕೊಳ್ಳೋಣ. ಹಲ್ಲುನೋವಿದ್ದಾಗ ನೀವು ನಾನೂರ ಹನ್ನೆರಡು ಕಡತ ನೋಡಿದಿರಿ, ಒಂದರಲ್ಲೂ ತಪ್ಪಿಲ್ಲ. ನೋವು ಹೋದ ಮೇಲೆ ಒಂದು ಕಡತವನ್ನೂ ಮುಗಿಸೋಕೆ ಆಗಿಲ್ಲ. ಇದರಲ್ಲಿ ಯಾವುದು ಯೋಚನೆ, ಯಾವುದು ಹಲ್ಲುನೋವು, ನೀವೇ ಹೇಳಿ.’

ಮೂರನೇ ಮೇಜು ತೆರೆದಿದ್ದ ಬಾಯಿ ಮುಚ್ಚಿಕೊಂಡಿತು. ಉತ್ತರ ನಿಮಗೆ ಹೊಳೆದರೆ ಇಲಾಖೆಗೆ ಬರೆದು ತಿಳಿಸಬಹುದು, ಮೂರು ಪ್ರತಿಗಳಲ್ಲಿ.

‘ನೋಡಿ’ ಎಂದು ನಿರ್ದೇಶಕರು ಹತ್ತಿರ ಬಂದು ದನಿ ತಗ್ಗಿಸಿದರು, ‘ನ್ಯಾಯಾಲಯದವರೂ ಕೊಂಡುಬಿಟ್ಟಿದ್ದಾರೆ. ಈಗ ಹೋಗಿ ಹಲ್ಲು ಗಿಲ್ಲು ಅಂದ್ರೆ ಜೈಲಿಗೆ ಹೋದೋರೆಲ್ಲ ವಾಪಸ್ ಬರ್ತಾರೆ. ಸ್ವಲ್ಪ ಅಭ್ಯಾಸ ಮಾಡಿ. ನಿಮ್ಮ ಹಾಗೆ ನೀವಿರೋದು ಅಷ್ಟು ಕಷ್ಟನಾ?’

ಅಭ್ಯಾಸಕ್ಕೆ ಅವರನ್ನು ತರಬೇತಿ ಕೇಂದ್ರಕ್ಕೆ ಕಳಿಸಲಾಯಿತು. ತರಬೇತುದಾರನಾಗಿ ಇದ್ದವನು ಇಲಾಖೆಯ ಹಳೇ ಕಾವಲುಗಾರ. ಅವನು ಜೀವಮಾನದಲ್ಲಿ ಕಡತ ಮುಟ್ಟಿದವನಲ್ಲ, ಆದರೆ ವಿವೇಚನೆಯಲ್ಲಿ ತೊಂಬತ್ತೊಂದು ಪಡೆದು ರಾಜ್ಯಕ್ಕೇ ಮೊದಲಿಗನಾಗಿದ್ದ. ‘ಸ್ವಾಮಿ, ನೀವು ತುಂಬಾ ಯೋಚನೆ ಮಾಡ್ತೀರ, ಅದಕ್ಕೇ ಬರ್ತಿಲ್ಲ’ ಎಂದು ಅವನು ಮರುಗಿದ. ಇವರು ನಾಲಗೆ ಕಚ್ಚಿಕೊಂಡು ನೋಡಿದರು, ಈರುಳ್ಳಿ ಹೆಚ್ಚಿಕೊಂಡು ನೋಡಿದರು. ಕೊನೆಗೆ ಐದನೇ ಮೇಜಿನವರು ಸ್ನೇಹಕ್ಕೆ ಕಟ್ಟುಬಿದ್ದು ಬೂಟುಗಾಲಿನಲ್ಲಿ ಇವರ ಹೆಬ್ಬೆರಳು ತುಳಿದರು. ಪರದೆ ಕೂಡಲೇ ಹೇಳಿತು: ‘ಕಾಲುನೋವು ಪತ್ತೆಯಾಗಿದೆ. ದಯವಿಟ್ಟು ವಿವೇಚಿಸಿ.’

ಅಕ್ಕನ ಕಡತವನ್ನು ಪಕ್ಕದ ಮೇಜಿಗೆ ವರ್ಗಾಯಿಸೋಣವೆಂದರೆ ವರ್ಗಾವಣೆಗೂ ವಿವೇಚನೆ ಬೇಕಿತ್ತು. ಅದರ ಹಿಂದೆ ಇನ್ನೂರು ಅರ್ಜಿಗಳು ಬಂದು ನಿಂತವು. ಉಳಿದ ಮೇಜುಗಳಲ್ಲಿ ದಿನಕ್ಕೆ ಸಾವಿರ ಕಿಟಕಿ ಹೊರಬೀಳುತ್ತಿದ್ದವು. ನೆಲಮಾಳಿಗೆಗೆ ಕಿಟಕಿ, ಬಾವಿಗೆ ಕಿಟಕಿ, ಇನ್ನೂ ಕಟ್ಟದ ಮನೆಗೆ ಆರು ಕಿಟಕಿ. ಯಾರ ತಕರಾರೂ ಇರಲಿಲ್ಲ.

ಅಕ್ಕನ ಸಿಳ್ಳೆ ಜೋರಾಯಿತು. ಒಂದು ಭಾನುವಾರ ಅವರು ಹೋದಾಗ ಅವಳು ಹೊಲಿಗೆ ಯಂತ್ರಕ್ಕೆ ತಲೆಯೊರಗಿಸಿ ಕೂತಿದ್ದಳು, ಕಾಲು ತುಳಿಯುವುದನ್ನು ನಿಲ್ಲಿಸಿತ್ತು. ಒಂದೊಂದು ಉಸಿರನ್ನೂ ಕೈಯಾರೆ ಎಳೆದು ತಂದಂತೆ ತರುತ್ತಿದ್ದಳು.

‘ಸಾಕು ಅಕ್ಕ. ನಾಳೆ ಗಾರೆಯವನನ್ನ ಕರೆಸಿ ಗೋಡೆ ಒಡೆಸಿಬಿಡ್ತೀನಿ. ಅನುಮತಿಯೂ ಬೇಡ, ಮಣ್ಣೂ ಬೇಡ.’

‘ಗಾರೆಯವನನ್ನ ಕೇಳಾಯ್ತು ಪುಟ್ಟ. ಅನುಮತಿ ಸಂಖ್ಯೆ ಹಾಕದೆ ಅವನ ಕೊರೆಯೋ ಯಂತ್ರ ತಿರುಗೋದೇ ಇಲ್ವಂತೆ.’ ಅಕ್ಕ ಸುಧಾರಿಸಿಕೊಂಡಳು. ‘ನೀನು ಮನಸ್ಸಿಟ್ಟು ಯೋಚನೆ ಮಾಡ್ತಿಲ್ಲ ಅಂತ ಜನ ಅಂತಾರೆ. ಹೌದೇನೋ?’

ಆ ಮಾತು ಅವರನ್ನು ಚುಚ್ಚಿತು. ಇವಳೊಬ್ಬಳಾದರೂ ಹಾಗೆ ಅನ್ನಬಾರದಿತ್ತು ಎನ್ನಿಸಿತು. ಅಂದು ಸಂಜೆ ಐದು ನಿಮಿಷ ಹೆಚ್ಚು ಕೂತಿದ್ದರೆ ಏನು ಗಂಟು ಹೋಗುತ್ತಿತ್ತು ಎಂದು ತಮ್ಮನ್ನು ತಾವೇ ಬೈದುಕೊಂಡರು. ಅವಳ ಬೆನ್ನು ನೀವುತ್ತ, ‘ಇನ್ನು ಮೇಲೆ ಮಾಡ್ತೀನಿ ಅಕ್ಕ’ ಎಂದರು.

ಸೋಮವಾರ ಬೆಳಿಗ್ಗೆ ದಂತವೈದ್ಯೆಯ ಬಾಗಿಲಲ್ಲಿದ್ದರು. ತಮ್ಮದು ವಿಚಿತ್ರ ಬೇಡಿಕೆ, ಹೇಗೆ ಬಾಯಿಬಿಡುವುದು ಎಂದು ಹಿಂಜರಿಯುತ್ತ ಒಳಗೆ ಕಾಲಿಟ್ಟರೆ, ಬೆಂಚಿನ ಮೇಲೆ ನೀರಿನ ಇಲಾಖೆಯ ಇಬ್ಬರು, ಬ್ಯಾಂಕಿನ ಒಬ್ಬರು ಆಗಲೇ ಕೂತಿದ್ದರು. ಬಡ್ತಿ ಬೇಕಿದ್ದವರಿಗೆ ಎಪ್ಪತ್ತು ಸಾಲದಂತೆ, ಎಂಬತ್ತೈದು ದಾಟಬೇಕಂತೆ. ಗೋಡೆಯ ಮೇಲೆ ಅಚ್ಚುಕಟ್ಟಾದ ಫಲಕವಿತ್ತು: ‘ನೋವು ತೆಗೆಯಿಸುವವರು ಬಲಗಡೆ, ನೋವು ಹಾಕಿಸುವವರು ಎಡಗಡೆ ಸಾಲಾಗಿ ಬರುವುದು.’

ದಂತವೈದ್ಯೆ ಇವರ ಬಾಯಿ ನೋಡಿ ಮೆಚ್ಚುಗೆಯಿಂದ ತಲೆದೂಗಿದರು. ‘ಒಳ್ಳೇ ಗಟ್ಟಿ ಹಲ್ಲುಗಳು. ಕೆಡಿಸೋಕೆ ಮನಸ್ಸೇ ಬರಲ್ಲ. ಯಾವ ದರ್ಜೆ ನೋವು ಬೇಕು?’

‘ಮೊದಲಿದ್ದದ್ದೇ.’

‘ಓ, ಮೂಲ ಅಂದ್ರೆ ನೀವೇನಾ?’ ಎಂದು ಆಕೆ ಕೈಗವಸು ಬಿಚ್ಚಿ ಕೈಕುಲುಕಿದರು. ಎಡಗಡೆಯ ಬೆಂಚಿನವರೆಲ್ಲ ಗೌರವದಿಂದ ಎದ್ದು ನಿಂತರು. ‘ಹಲ್ಲು ಕೊರೆದು ನರ ಬಿಚ್ಚಿಡ್ತೀನಿ. ಆರು ತಿಂಗಳು ಬರುತ್ತೆ, ಆಮೇಲೆ ನರ ಸತ್ತುಹೋಗುತ್ತೆ. ಆಗ ಅದನ್ನ ಕಿತ್ತು ಪಕ್ಕದ್ದಕ್ಕೆ ಹೋಗೋಣ. ಎಡಗಡೆ ಇನ್ನೂ ಹದಿನೈದಿದೆ, ಏಳೂವರೆ ವರ್ಷಕ್ಕೆ ಮೋಸವಿಲ್ಲ. ನಿವೃತ್ತಿ ಯಾವಾಗ?’

‘ಹನ್ನೆರಡು ವರ್ಷ ಇದೆ.’

‘ಚಿಂತೆಯಿಲ್ಲ. ಅಷ್ಟರಲ್ಲಿ ಬಲಗೆನ್ನೆಗೂ ಮಾನ್ಯತೆ ಸಿಗುತ್ತೆ. ಸಂಘದವರು ಹೋರಾಟ ಮಾಡ್ತಿದ್ದಾರೆ.’

ಅವರು ಬಾಯಿ ತೆರೆದು ಕುರ್ಚಿಗೆ ಒರಗಿದರು.

ಹನ್ನೊಂದು ಗಂಟೆಗೆ ಮೂರನೇ ಮೇಜು ತನ್ನ ಜಾಗದಲ್ಲಿತ್ತು. ಪರದೆಯ ಮೇಲೆ ಅಕ್ಕನ ಕಡತ ಬೆಳಗಿತು. ಅವರು ಕೆನ್ನೆ ಹಿಡಿದದ್ದೂ ಇಲ್ಲ, ಕೈ ತಾನೇ ಹೋಯಿತು. ಕಣ್ಣು ತಾನೇ ಮುಚ್ಚಿತು. ‘ಅಯ್ಯೋ ಅಮ್ಮಾ’ ಎಂಬ ದನಿಗೆ ಎರಡನೇ ಮೇಜು ನಿದ್ದೆಯಿಂದ ಎಚ್ಚೆತ್ತಿತು. ಹೋಲಿಕೆ ಶೇಕಡ ತೊಂಬತ್ತೊಂಬತ್ತು. ‘ಸ್ವಾಗತ. ತಮ್ಮನ್ನು ಕಳೆದುಕೊಂಡಿದ್ದೆವು’ ಎಂದಿತು ಪರದೆ. ನಿರ್ದೇಶಕರು ಸ್ವತಃ ಬಂದು ಬೆನ್ನು ತಟ್ಟಿದರು. ಕಂಪನಿಯ ಮುಖ್ಯಸ್ಥೆ ಸಂದೇಶ ಕಳಿಸಿದರು: ಮನುಷ್ಯ ಮನಸ್ಸು ಮಾಡಿದರೆ ಯಂತ್ರದ ಮಟ್ಟಕ್ಕೆ ಏರಬಲ್ಲನೆಂಬುದು ಸಾಬೀತಾಯಿತು. ವಾರದೊಳಗೆ ಇನ್ನೊಂದು ಸುತ್ತೋಲೆ ಹೊರಟಿತು. ನೋವು ಹಾಕಿಸಿಕೊಂಡ ನೌಕರರಿಗೆ ಅರ್ಧ ದಿನದ ರಜೆಯಿದೆ, ತೆಗೆಸಿಕೊಂಡವರಿಗೆ ಇಲ್ಲ. ಇದು ನ್ಯಾಯವಾದ ಕ್ರಮವೆಂದು ಎಲ್ಲರೂ ಒಪ್ಪಿದರು. ಅಕ್ಕನ ಹಿಂದಿದ್ದ ಇನ್ನೂರು ಅರ್ಜಿಗಳು ಅದೇ ವಾರ ಮುಗಿದವು. ಮೂರನೇ ಮೇಜು ಮಾತ್ರ ಅವನ್ನು ಈಗಲೂ ಮೊದಲಿನಿಂದ ಕೊನೆಯವರೆಗೆ ಓದುತ್ತಿತ್ತು; ಈ ಅಭ್ಯಾಸವನ್ನು ನಿಯಮ ನಿಷೇಧಿಸಿರಲಿಲ್ಲ.

ಮುಂದಿನ ಶನಿವಾರ ಗಾರೆಯವನು ಬಂದು ಗೋಡೆ ಕೊರೆದ. ಧೂಳು ಅಡಗಿದ ಮೇಲೆ ಎರಡಡಿ ಅಗಲ, ಮೂರಡಿ ಎತ್ತರದ ಬೆಳಕು ಕೋಣೆಯೊಳಗೆ ಬಿತ್ತು. ಅಕ್ಕ ಕುರ್ಚಿ ಎಳೆದುಕೊಂಡು ಅದರ ಮುಂದೆ ಕೂತಳು. ಮೊದಲು ಹೆದರಿ ಹೆದರಿ, ಆಮೇಲೆ ಧೈರ್ಯವಾಗಿ, ಎದೆ ತುಂಬ ಗಾಳಿ ಎಳೆದುಕೊಂಡಳು. ಸಿಳ್ಳೆ ಕೇಳಿಸಲಿಲ್ಲ. ‘ಬಂತು ಕಣೋ ಪುಟ್ಟ, ಪೂರ್ತಿ ಒಳಗೆ ಬಂತು!’ ಎಂದು ಅವಳು ಅಂದಾಗ ಅವರಿಗೆ ಅಳುವೇ ಬಂತು. ತಣ್ಣನೆ ಗಾಳಿ ಹಲ್ಲಿಗೂ ತಾಗಿತು. ಅವರು ಎಡಗೆನ್ನೆ ಹಿಡಿದುಕೊಂಡು ಗೋಡೆಗೆ ಒರಗಿದರು.

ಅಕ್ಕ ತಿರುಗಿ ನೋಡಿದಳು. ಹಲ್ಲು ಕೀಳಿಸಿ ತಿಂಗಳುಗಳೇ ಆಗಿದ್ದವು, ಹೊಸದಾಗಿ ಹಾಕಿಸಿಕೊಂಡ ನೋವಿನ ವಿಷಯ ಅವರು ಅವಳಿಗೆ ಹೇಳಿರಲಿಲ್ಲ. ತಮ್ಮನ ಮುಚ್ಚಿದ ಕಣ್ಣು, ಬಿಗಿದ ದವಡೆ, ಹಣೆಯ ಮೇಲಿನ ಬೆವರು, ಎಲ್ಲವನ್ನೂ ಅವಳು ಬಹಳ ಹೊತ್ತು ನೋಡಿದಳು. ಆಮೇಲೆ ಗಾರೆಯವನಿಗೆ ಸದ್ದು ಮಾಡಬೇಡವೆಂದು ಕೈಸನ್ನೆ ಮಾಡಿದಳು.

‘ಶ್, ಯೋಚನೆ ಮಾಡ್ತಿದ್ದಾನೆ’ ಎಂದಳು ಹೆಮ್ಮೆಯಿಂದ.

ಗಾರೆಯವನು ಕರಣೆ ಕೆಳಗಿಟ್ಟು, ಟೋಪಿ ತೆಗೆದು, ಮೂಲೆಯಲ್ಲಿ ಸುಮ್ಮನೆ ನಿಂತುಕೊಂಡ.